ಓದುಗರ ಪ್ರಶ್ನೆ, ತಜ್ಞರ ಉತ್ತರ: ಹಳೆಯ ಐಪಾಡ್ ಟಚ್ ಇನ್ನೂ ಹಾಡುತ್ತದೆ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರಿಂದ ಟಚ್‌ಸ್ಕ್ರೀನ್ ಮ್ಯೂಸಿಕ್ ಪ್ಲೇಯರ್‌ಗಳ ಬಗ್ಗೆ, ಅದರಲ್ಲೂ ಆಪಲ್ ಕಂಪನಿಯ ಐಪಾಡ್ ಟಚ್ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಐಪಾಡ್ ಟಚ್ ಮನೆಯಲ್ಲಿದೆ. ಅದು ಯಾವ ವರ್ಷದ್ದು ಎಂದು ತಿಳಿಯುವುದು ಹೇಗೆ? ಪಾಠ ಹೇಳುವಾಗ ತಂಬೂರಿ ಶ್ರುತಿ ಹಾಕಲು, ಕೃತಿ ಕೇಳಿಸಲು ಅದನ್ನು ಬಳಸಬಹುದೇ?
— ಸಂಗೀತ ಶಿಕ್ಷಕಿ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಖಂಡಿತ ಬಳಸಬಹುದು. ಮೊದಲು ಅದನ್ನು ತಿರುಗಿಸಿ, ಬೆನ್ನಿನ ಕೆಳಭಾಗದ ಸಣ್ಣ ಅಕ್ಷರಗಳನ್ನು ಬೆಳಕಿಗೆ ಹಿಡಿದು ನೋಡಿ. ‘ಎ’ ಅಕ್ಷರದಿಂದ ಶುರುವಾಗುವ ಒಂದು ಮಾಡೆಲ್ ಸಂಖ್ಯೆ ಇರುತ್ತದೆ. ಆ ಒಂದು ಸಂಖ್ಯೆ ಸಿಕ್ಕರೆ ಉಳಿದದ್ದೆಲ್ಲ ತಿಳಿದಂತೆಯೇ.

ಎ1213 ಇದ್ದರೆ ಅದು 2007ರ ಸೆಪ್ಟೆಂಬರ್‌ನಲ್ಲಿ ಬಂದ ಮೊದಲ ತಲೆಮಾರು. ಮೂರೂವರೆ ಇಂಚಿನ ಪರದೆ, ವೈ-ಫೈ ಎರಡೂ ಇವೆ. ಆದರೆ ಸ್ಪೀಕರ್ ಇಲ್ಲ, ಪಕ್ಕದಲ್ಲಿ ವಾಲ್ಯೂಮ್ ಗುಂಡಿಗಳಿಲ್ಲ, ಬ್ಲೂಟೂತ್ ಕೂಡ ಇಲ್ಲ. ಎ1288 ಎಂದರೆ 2008ರ ಎರಡನೆಯ ತಲೆಮಾರು. ಸಣ್ಣ ಸ್ಪೀಕರ್, ವಾಲ್ಯೂಮ್ ಗುಂಡಿಗಳು ಇದರಲ್ಲಿ ಬಂದವು. ಬ್ಲೂಟೂತ್ ಚಿಪ್ ಮೊದಲಿನಿಂದಲೂ ಒಳಗಿತ್ತು, ಕೆಲಸ ಶುರು ಮಾಡಿದ್ದು ಮರುವರ್ಷ 3.0 ಸಾಫ್ಟ್‌ವೇರ್ ಹಾಕಿದ ಮೇಲೆ. 2009ರ ಮೂರನೆಯದು ಎ1318. ಹೊರಗಿನಿಂದ ಎರಡನೆಯದರಂತೆಯೇ ಕಾಣುತ್ತದೆ, ಒಳಗಿನ ವೇಗ ಹೆಚ್ಚು. ಆ ವರ್ಷ 8 ಜಿಬಿಯದೆಂದು ಮಾರಿದ್ದು ಮಾತ್ರ ಎರಡನೆಯ ತಲೆಮಾರಿನದನ್ನೇ, ಹಾಗಾಗಿ ಕೊಂಡ ವರ್ಷವನ್ನು ನಂಬದೆ ಸಂಖ್ಯೆಯನ್ನೇ ನಂಬಿ.

2010ರ ಎ1367 ದೊಡ್ಡ ಜಿಗಿತ. ಅದೇ ಮೂರೂವರೆ ಇಂಚಿನಲ್ಲಿ 960×640 ಚುಕ್ಕಿಗಳ ಪರದೆ, ಹಿಂದೆ ಮುಂದೆ ಕ್ಯಾಮೆರಾ, ಮೈಕ್ ಎಲ್ಲವೂ ಬಂದವು. ಆದರೆ ರ‍್ಯಾಮ್ (ಕೆಲಸದ ವೇಳೆಯ ತಾತ್ಕಾಲಿಕ ಸ್ಮೃತಿ) 256 ಎಂಬಿ ಮಾತ್ರ. ಅದೇ ಕಾಲದ ಐಫೋನ್ 4ಕ್ಕೆ 512 ಎಂಬಿ ಕೊಟ್ಟಿದ್ದರು. ಐಓಎಸ್ (ಐಪಾಡ್ ಟಚ್ ನಡೆಸುವ ಆಪಲ್ ಸಾಫ್ಟ್‌ವೇರ್) 6ನೆಯ ಆವೃತ್ತಿ ಹಾಕಿದ ಮೇಲೆ ನಾಲ್ಕನೆಯ ತಲೆಮಾರು ತಡವರಿಸುವುದಕ್ಕೆ ಕಾರಣ ಇದೇ ಹೊರತು ನಿಮ್ಮ ಸಾಧನ ಕೆಟ್ಟಿದೆ ಎಂದಲ್ಲ. 2012ರ ಐದನೆಯದು (ಎ1421) ನಾಲ್ಕು ಇಂಚಿಗೆ ಉದ್ದವಾಯಿತು, ಬಣ್ಣಬಣ್ಣದಲ್ಲಿ ಬಂತು, ಅಗಲವಾದ 30 ಪಿನ್ನಿನ ಕನೆಕ್ಟರ್ ಹೋಗಿ ಸಣ್ಣ ಲೈಟ್ನಿಂಗ್ ಪಿನ್ ಬಂತು. 2015ರ ಆರನೆಯದು ಎ1574, 2019ರ ಏಳನೆಯದು ಎ2178. ಇವು ಹೊರನೋಟಕ್ಕೆ ಐದನೆಯದರ ತಮ್ಮಂದಿರಂತಿವೆ, ಒಳಗಿನ ಚಿಪ್ ಮಾತ್ರ ಬಹಳ ಚುರುಕು. 2022ರ ಮೇ 10ರಂದು ಆಪಲ್ ಇದರ ತಯಾರಿಕೆ ನಿಲ್ಲಿಸಿರುವುದಾಗಿ ಹೇಳಿತು.

ಇನ್ನು ನಿಮ್ಮ ಪಾಠದ ವಿಷಯ. ಏಳೂ ತಲೆಮಾರಿನಲ್ಲಿ 3.5 ಮಿ.ಮೀ. ಇಯರ್‌ಫೋನ್ ಕಿಂಡಿ ಇದೆ. ಅದರಿಂದ ಒಂದು ವೈರ್ ಎಳೆದು ಯಾವುದೇ ಸ್ಪೀಕರ್‌ಗೆ ಕೊಡಿ. ಒಳಗಿರುವ ಪುಟ್ಟ ಸ್ಪೀಕರ್‌ನಲ್ಲಿ ತಂಬೂರಿಯ ಮಂದ್ರ ಕೇಳುವುದೇ ಇಲ್ಲ, ಆ ನಾದ ಕೇಳದೆ ಮಕ್ಕಳಿಗೆ ಶ್ರುತಿ ಹಿಡಿಯುವುದು ಕಷ್ಟ. ಇನ್ನೊಂದು ಮಾತು: ಎರಡು ನಿಮಿಷದ ಶ್ರುತಿ ಫೈಲನ್ನು ರಿಪೀಟ್‌ಗೆ ಹಾಕಬೇಡಿ. ಎಂಪಿ3 ಫೈಲಿನ ತಲೆ ಮತ್ತು ಬಾಲದಲ್ಲಿ ಸಣ್ಣ ಮೌನ ಸೇರಿಕೊಂಡಿರುತ್ತದೆ. ಪ್ರತಿ ಸುತ್ತಿಗೂ ಶ್ರುತಿ ಒಮ್ಮೆ ತುಂಡಾಗುತ್ತದೆ. ಒಂದು ಗಂಟೆಯ ಫೈಲನ್ನೇ ಮಾಡಿಸಿಕೊಳ್ಳಿ. 128 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 128 ಕಿಲೋಬಿಟ್ ದತ್ತಾಂಶ) ಅದು ಸುಮಾರು 58 ಎಂಬಿ ಆಗುತ್ತದೆ, ಅಷ್ಟೇ. ಪರದೆ ಆರಿದರೂ ಹಾಡು ನಿಲ್ಲುವುದಿಲ್ಲ.

ಪ್ರಶ್ನೆ: ಹಲವು ವರ್ಷ ಬೀರುವಿನಲ್ಲಿದ್ದ ನಾಲ್ಕನೆಯ ತಲೆಮಾರಿನ ಐಪಾಡ್ ಟಚ್. ಚಾರ್ಜಿಗೆ ಹಾಕಿದರೂ ಪರದೆ ಕಪ್ಪಗೇ ಇದೆ. ಅಂಗಡಿಯಲ್ಲಿ ಬ್ಯಾಟರಿಗೆ ಬೂಸ್ಟ್ ಕೊಡೋಣ ಎನ್ನುತ್ತಾರೆ.
— ಓದುಗರು, ಚಳ್ಳಕೆರೆ

ಉತ್ತರ: ಬೂಸ್ಟ್ ಬೇಡವೇ ಬೇಡ. ಪೂರ್ತಿ ಬರಿದಾದ ಲಿಥಿಯಂ ಬ್ಯಾಟರಿಗೆ ಸಾಧನವೇ ಮೊದಲು ತೀರಾ ಕಡಿಮೆ ಕರೆಂಟನ್ನು ಬಿಟ್ಟು ಎಚ್ಚರಿಸುತ್ತದೆ. ಆ ಹೊತ್ತಿನಲ್ಲಿ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಐದು ನಿಮಿಷ ನೋಡಿ ಸತ್ತಿದೆ ಎಂದು ತೀರ್ಮಾನಿಸಿದ ಎಷ್ಟೋ ಐಪಾಡ್‌ಗಳು ಅರ್ಧ ಗಂಟೆ ಕಾದಿದ್ದರೆ ಎದ್ದು ಕೂರುತ್ತಿದ್ದವು. 5 ವೋಲ್ಟ್, 1 ಆಂಪಿಯರ್‌ನ ಒಳ್ಳೆಯ ಚಾರ್ಜರ್‌ಗೆ ಹಾಕಿ ಕನಿಷ್ಠ ಒಂದು ಗಂಟೆ ಹಾಗೇ ಬಿಡಿ, ಆದರೆ ಕಣ್ಣ ಮುಂದೆಯೇ ಇರಲಿ.

ಅದಕ್ಕೂ ಮೊದಲು ಕಿಂಡಿ ನೋಡಿ. ನಿಮ್ಮ ಊರಿನ ಧೂಳು 30 ಪಿನ್ನಿನ ಕಿಂಡಿಯೊಳಗೆ ಪದರವಾಗಿ ಕೂರುತ್ತದೆ. ಮೆತ್ತನೆಯ ಒಣ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಲೈಟ್ನಿಂಗ್ ಕಿಂಡಿಯಾದರೆ ಜೇಬಿನ ನೂಲು ತಳದಲ್ಲಿ ಒತ್ತಿಕೊಂಡಿರುತ್ತದೆ, ಮರದ ಹಲ್ಲುಕಡ್ಡಿ ಸಾಕು. ಗುಂಡುಸೂಜಿ, ಪಿನ್ನು ಹಾಕಬೇಡಿ, ಪಿನ್ನುಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತವೆ.

ಗಂಟೆ ಕಳೆದ ಮೇಲೆ ಚಾರ್ಜರ್ ತೆಗೆಯದೆಯೇ ಹೋಮ್ ಗುಂಡಿ ಮತ್ತು ಮೇಲಿನ ಪವರ್ ಗುಂಡಿ ಎರಡನ್ನೂ ಒಟ್ಟಿಗೆ, ಸೇಬಿನ ಗುರುತು ಕಾಣುವವರೆಗೆ ಒತ್ತಿ ಹಿಡಿಯಿರಿ. ಹತ್ತು ಸೆಕೆಂಡಿಗಿಂತ ಹೆಚ್ಚೇ ಬೇಕಾಗಬಹುದು. (ಏಳನೆಯ ತಲೆಮಾರಿನಲ್ಲಿ ಹೋಮ್ ಬದಲು ವಾಲ್ಯೂಮ್ ಕಡಿಮೆ ಮಾಡುವ ಗುಂಡಿ.) ಸೇಬು ಬಂದು ಬಂದು ಹೋಗುತ್ತಿದ್ದರೆ ಕಂಪ್ಯೂಟರಿನಲ್ಲಿ ಐಪಾಡ್ ನಿಭಾಯಿಸುವ ಆಪಲ್ ತಂತ್ರಾಂಶವಾದ ಐಟ್ಯೂನ್ಸ್‌ಗೆ ಜೋಡಿಸಿ. ಅಲ್ಲಿ ಅಪ್‌ಡೇಟ್ ಮತ್ತು ರಿಸ್ಟೋರ್ ಎರಡೂ ಕಂಡರೆ ಅಪ್‌ಡೇಟ್ ಅನ್ನೇ ಮೊದಲು ಆರಿಸಿ. ರಿಸ್ಟೋರ್ ಒಳಗಿನ ಹಾಡು, ಫೋಟೋ, ಆಪ್ ಎಲ್ಲವನ್ನೂ ಅಳಿಸುತ್ತದೆ. ಎದ್ದ ಮೇಲೆ ಗಡಿಯಾರ ಹಿಂದಿನ ಯಾವುದೋ ವರ್ಷ ತೋರಿಸುತ್ತಿದ್ದರೆ ಮೊದಲು ದಿನಾಂಕ ಸರಿಮಾಡಿ. ದಿನಾಂಕ ತಪ್ಪಿದ್ದರೆ ಇಂಟರ್‌ನೆಟ್ಟಿನ ಯಾವ ಭದ್ರ ಸಂಪರ್ಕವೂ ಒಪ್ಪುವುದಿಲ್ಲ.

ಬೂಸ್ಟ್ ಏಕೆ ಬೇಡ ಎಂದರೆ, ಬ್ಯಾಟರಿ ಬಹುಕಾಲ ತೀರಾ ಕೆಳಗಿನ ವೋಲ್ಟೇಜಿನಲ್ಲಿ ಬಿದ್ದಿದ್ದಾಗ ಒಳಗಿನ ತಾಮ್ರದ ಹಾಳೆ ಕರಗಿ ಬೇರೆ ಕಡೆ ಹರಡಿಕೊಳ್ಳುತ್ತದೆ. ರಕ್ಷಣಾ ಸರ್ಕ್ಯೂಟ್ ಚಾರ್ಜ್ ತಡೆಯುವುದೇ ಅದಕ್ಕೆ. ಅದನ್ನು ದಾಟಿ ನೇರ ತಂತಿ ಹಿಡಿದು ಕರೆಂಟ್ ನುಗ್ಗಿಸಿದರೆ ಬ್ಯಾಟರಿ ಉಬ್ಬಬಹುದು, ಹೊತ್ತಿಕೊಳ್ಳಲೂಬಹುದು. ಗಾಜು ಅಂಚಿನಿಂದ ಮೇಲೆದ್ದಿದ್ದರೆ ಈಗಾಗಲೇ ಉಬ್ಬಿದೆ ಎಂದರ್ಥ. ಒತ್ತಬೇಡಿ, ಚಾರ್ಜಿಗೂ ಹಾಕಬೇಡಿ. ಹೊಸ ಬ್ಯಾಟರಿ ಹಾಕಿಸುವುದಾದರೆ ನಾಲ್ಕನೆಯ ತಲೆಮಾರಿನದು 930 ಎಂಎಎಚ್. ಗಾಜನ್ನು ಬಿಸಿ ಮಾಡಿ ಅಂಟು ಬಿಡಿಸಬೇಕು, ಬ್ಯಾಟರಿಯನ್ನು ಬೋರ್ಡಿಗೆ ಬೆಸುಗೆ ಹಾಕಬೇಕು. ಸಣ್ಣ ಬೆಸುಗೆಯಲ್ಲಿ ಕೈ ಪಳಗಿದವರಿಗೇ ಕೊಡಿ.

ಮತ್ತೆ ತೆಗೆದಿಡುವಾಗ ಅರ್ಧ ಚಾರ್ಜ್ ಇರಲಿ, ಆರು ತಿಂಗಳಿಗೊಮ್ಮೆ ತುಂಬಿ. ಬಳಸಲು ಆಪಲ್ ಹೇಳುವ ಗರಿಷ್ಠ ತಾಪ 35 ಡಿಗ್ರಿ. ಏಪ್ರಿಲ್‌ನಲ್ಲಿ ಚಳ್ಳಕೆರೆಯ ನೆರಳೇ ಅದನ್ನು ದಾಟುತ್ತದೆ. ಕಾರಿನ ಗಾಜಿನ ಹಿಂದೆ, ಬೈಕಿನ ಟ್ಯಾಂಕ್ ಕವರಿನಲ್ಲಿ ಇಡಲೇಬೇಡಿ.

ಪ್ರಶ್ನೆ: ಪೆನ್‌ಡ್ರೈವಿಗೆ ಹಾಕಿದಂತೆ ವಚನಗಳ ಫೈಲುಗಳನ್ನು ಐಪಾಡ್ ಟಚ್‌ಗೆ ಎಳೆದು ಹಾಕಲು ಹೋದರೆ ಫೋಟೋ ಫೋಲ್ಡರ್ ಮಾತ್ರ ಕಾಣುತ್ತದೆ. ಹಾಡು ತುಂಬುವುದು ಹೇಗೆ?
— ನಿವೃತ್ತ ನೌಕರರು, ಹರಿಹರ

ಉತ್ತರ: ವಿಂಡೋಸ್‌ಗೆ ಅದು ಕ್ಯಾಮೆರಾದಂತೆ ಮಾತ್ರ ಕಾಣುತ್ತದೆ. ಹಾಡು ಒಳಗೆ ಹೋಗುವ ಬಾಗಿಲು ಐಟ್ಯೂನ್ಸ್.

ಕಂಪ್ಯೂಟರಿನಲ್ಲಿ ಐಟ್ಯೂನ್ಸ್ ಹಾಕಿ. ವಿಂಡೋಸ್‌ಗೆ ಈಚೆಗೆ ಬಂದ ‘ಆಪಲ್ ಡಿವೈಸಸ್’ ಆಪ್ ಹಾಕಿದರೆ ಐಪಾಡ್ ನಿಭಾಯಿಸುವ ಕೆಲಸ ಐಟ್ಯೂನ್ಸ್‌ನಿಂದ ಅದಕ್ಕೆ ಹೋಗಿಬಿಡುತ್ತದೆ. ಹಳೆಯ ಸಾಧನಕ್ಕೆ ಐಟ್ಯೂನ್ಸ್ ಒಂದೇ ಇರಲಿ. ಮ್ಯಾಕ್ ಇರುವವರು, 2019ರ ಕೆಟಲೀನಾ ಆವೃತ್ತಿಯಿಂದೀಚೆಗೆ, ಈ ಕೆಲಸವನ್ನು ಫೈಂಡರ್‌ನಲ್ಲಿ ಮಾಡಬೇಕು. ಐಟ್ಯೂನ್ಸ್‌ನ ಫೈಲ್ ಮೆನುವಿನ ‘ಆ್ಯಡ್ ಫೋಲ್ಡರ್ ಟು ಲೈಬ್ರರಿ’ಯಿಂದ ವಚನಗಳ ಫೋಲ್ಡರ್ ಸೇರಿಸಿ. ಐಪಾಡ್ ಜೋಡಿಸಿ, ಅದರ ಪರದೆಯಲ್ಲಿ ‘ಟ್ರಸ್ಟ್’ ಎಂದು ಕೇಳಿದರೆ ಒಪ್ಪಿ. ಐಟ್ಯೂನ್ಸ್‌ನ ಮೇಲ್ಭಾಗದಲ್ಲಿ ಮೂಡುವ ಸಣ್ಣ ಸಾಧನದ ಚಿತ್ರ ಒತ್ತಿ, ಸಮ್ಮರಿ ಪುಟದಲ್ಲಿ ‘ಮ್ಯಾನ್ಯುಯಲಿ ಮ್ಯಾನೇಜ್ ಮ್ಯೂಸಿಕ್’ಗೆ ಗುರುತು ಹಾಕಿ, ತಾನಾಗಿ ಸಿಂಕ್ ಆಗುವ ಆಯ್ಕೆಯ ಗುರುತು ತೆಗೆದು, ಅಪ್ಲೈ ಒತ್ತಿ. ಆಮೇಲೆ ಹಾಡುಗಳನ್ನು ಎಡಗಡೆಯ ಐಪಾಡ್ ಹೆಸರಿನ ಮೇಲೆ ಎಳೆದು ಬಿಡಿ.

ಇಲ್ಲಿ ಜನ ಹೆಚ್ಚು ಕಳೆದುಕೊಳ್ಳುವುದು ಒಂದು ಸಂದೇಶ ಓದದೆ. ಐಪಾಡ್ ಟಚ್ ಒಮ್ಮೆಗೆ ಒಂದೇ ಕಂಪ್ಯೂಟರಿನ ಲೈಬ್ರರಿಗೆ ಸೇರಿರುತ್ತದೆ. ಬೇರೆ ಕಂಪ್ಯೂಟರಿಗೆ ಹಾಕಿದಾಗ ‘ಇರೇಸ್ ಆ್ಯಂಡ್ ಸಿಂಕ್’ ಎಂದು ಕೇಳುತ್ತದೆ. ಒಪ್ಪಿದರೆ ಒಳಗಿದ್ದ ಹಾಡೆಲ್ಲ ಹೋಯಿತು. ಅದರಲ್ಲಿ ಬೇರೆಲ್ಲೂ ಇಲ್ಲದ ಧ್ವನಿಮುದ್ರಣವಿದ್ದರೆ ಕ್ಯಾನ್ಸಲ್ ಒತ್ತಿ, ಮೊದಲು ಐಮೇಜಿಂಗ್‌ನಂಥ ತಂತ್ರಾಂಶದಿಂದ ಹೊರತೆಗೆದುಕೊಳ್ಳಿ. ಐಟ್ಯೂನ್ಸ್‌ನಲ್ಲಿ ಕೊಂಡದ್ದನ್ನು ಬಿಟ್ಟು ಬೇರೆ ಹಾಡನ್ನು ಐಟ್ಯೂನ್ಸ್ ತಾನಾಗಿ ಹಿಂದಕ್ಕೆ ಕೊಡುವುದಿಲ್ಲ.

ಎಂಪಿ3, ಎಎಸಿ, ವೇವ್, ಆಪಲ್ ಲಾಸ್‌ಲೆಸ್ ಇವು ನೇರ ನಡೆಯುತ್ತವೆ. ಡಬ್ಲ್ಯುಎಂಎ ಇದ್ದರೆ ವಿಂಡೋಸಿನ ಐಟ್ಯೂನ್ಸ್ ಅದನ್ನು ಎಎಸಿಗೆ ಬದಲಾಯಿಸಿ ಸೇರಿಸಿಕೊಳ್ಳುತ್ತದೆ. ಫ್ಲ್ಯಾಕ್, ಆಗ್ ಫೈಲುಗಳನ್ನು ಐಟ್ಯೂನ್ಸ್ ತೆಗೆದುಕೊಳ್ಳುವುದಿಲ್ಲ, ಮೊದಲೇ ಬೇರೆ ತಂತ್ರಾಂಶದಲ್ಲಿ ಬದಲಾಯಿಸಿಕೊಳ್ಳಬೇಕು. ಜಾಗದ ಲೆಕ್ಕ ಸುಲಭ: 128 ಕೆಬಿಪಿಎಸ್‌ಗೆ ನಿಮಿಷಕ್ಕೆ 0.96 ಎಂಬಿ, ಅಂದರೆ ಒಂದು ಜಿಬಿಗೆ 17 ಗಂಟೆ. ವಚನದ ವ್ಯಾಖ್ಯಾನ, ಪ್ರವಚನದಂಥ ಬರೀ ಮಾತಿಗೆ 64 ಕೆಬಿಪಿಎಸ್ ಮೋನೊ ಸಾಕು, ಜಿಬಿಗೆ 34 ಗಂಟೆ ಹಿಡಿಯುತ್ತದೆ. ಗಾಯನಕ್ಕೆ 256ಕ್ಕಿಂತ ಕೆಳಗೆ ಇಳಿಸಬೇಡಿ ಎಂದೇ ನಮ್ಮ ಸಲಹೆ. ಆದರೆ 128ರಲ್ಲಿ ಸಿಕ್ಕ ಫೈಲನ್ನು 256ಕ್ಕೆ ಏರಿಸಿದರೆ ಗಾತ್ರ ಬೆಳೆಯುತ್ತದೆಯೇ ಹೊರತು ಕಳೆದುಹೋದ ನಾದ ಮರಳುವುದಿಲ್ಲ.

ಪ್ರಶ್ನೆ: ಹಾಡಿನ ಹೆಸರು ಕನ್ನಡದಲ್ಲಿ ಕಾಣುತ್ತಿಲ್ಲ, ಚಿತ್ರವಿಚಿತ್ರ ಅಕ್ಷರ ಬರುತ್ತವೆ.
— ಓದುಗರು, ಹೊಸದುರ್ಗ

ಉತ್ತರ: ಆ ಹೆಸರುಗಳನ್ನು ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿರಬೇಕು. ಅದು ಫಾಂಟಿನ ಕಣ್ಣಿಗೆ ಮಾತ್ರ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಚಿಹ್ನೆಗಳ ಸಾಲು. ಕಂಪ್ಯೂಟರಿನಲ್ಲಿ ಎಂಪಿ3ಟ್ಯಾಗ್ ಎಂಬ ಉಚಿತ ತಂತ್ರಾಂಶದಿಂದ ಫೋಲ್ಡರ್ ತೆರೆದು, ಹೆಸರು, ಗಾಯಕರು, ಆಲ್ಬಂ ಮೂರನ್ನೂ ಯಂತ್ರಕ್ಕೂ ಕನ್ನಡವೆಂದೇ ತಿಳಿಯುವ ಯೂನಿಕೋಡ್ ಕನ್ನಡದಲ್ಲಿ ಮತ್ತೆ ಬರೆಯಿರಿ. ನುಡಿಯಲ್ಲೂ ಬರಹದಲ್ಲೂ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಸೌಲಭ್ಯ ಇದೆ, ನಕಲಿಸಿ ಅಂಟಿಸಿದರೆ ಆಯಿತು. ಟ್ಯಾಗ್ ಸೆಟ್ಟಿಂಗ್‌ನಲ್ಲಿ ಐಡಿ3ವಿ2.3, ಯುಟಿಎಫ್-16 ಇರಲಿ. ಮೊದಲ ತಲೆಮಾರುಗಳಲ್ಲಿ ಕನ್ನಡ ಅಕ್ಷರ ಮೂಡದೆ ಖಾಲಿ ಚೌಕಗಳೇ ಬಂದರೆ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲೇ ಇಡಿ. ಐಪಾಡಿನಲ್ಲೇ ಕನ್ನಡ ಟೈಪ್ ಮಾಡಲು ಕೀಲಿಮಣೆ ಬಂದದ್ದು 2017ರ ಐಓಎಸ್ 11ರಲ್ಲಿ, ಹಾಗಾಗಿ ಆರು ಮತ್ತು ಏಳನೆಯ ತಲೆಮಾರಿನಲ್ಲಿ ಮಾತ್ರ.

ಪ್ರಶ್ನೆ: ಐದನೆಯ ತಲೆಮಾರಿನ ಐಪಾಡ್ ಟಚ್‌ನಲ್ಲಿ ವಾಟ್ಸ್‌ಆ್ಯಪ್, ಯೂಟ್ಯೂಬ್, ಫೋನ್‌ಪೇ ನಡೆಯುತ್ತವೆಯೇ?
— ಪಿಯುಸಿ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಇಲ್ಲ. ವಾಟ್ಸ್‌ಆ್ಯಪ್ ಐಪಾಡ್ ಟಚ್‌ಗೆ ಬೆಂಬಲ ಕೊಡಲೇ ಇಲ್ಲ. ಯುಪಿಐಗೆ ಬ್ಯಾಂಕಿನಲ್ಲಿ ನೋಂದಾಯಿಸಿದ ಸಿಮ್‌ನಿಂದಲೇ ಎಸ್‌ಎಂಎಸ್ ಹೋಗಬೇಕು, ಇದರಲ್ಲಿ ಸಿಮ್ ಜಾಗವೇ ಇಲ್ಲ. ಯೂಟ್ಯೂಬ್ ಆಪ್ ಐಓಎಸ್ 6 ಮತ್ತು ಅದರ ಹಿಂದಿನ ಸಾಧನಗಳಲ್ಲಿ 2015ರಲ್ಲೇ ನಿಂತಿತು. ಈಗ ಐದನೆಯದರಲ್ಲೂ ಹೊಸ ಆಪ್ ಹಿಡಿಯುವುದಿಲ್ಲ.

ಇದರ ಮೂಲ ಪ್ರತಿ ತಲೆಮಾರಿಗೂ ಇರುವ ಸಾಫ್ಟ್‌ವೇರ್ ಮಿತಿ. ಮೊದಲನೆಯದು 3.1.3ಕ್ಕೆ ನಿಂತಿತು, ಎರಡನೆಯದು 4.2.1ಕ್ಕೆ, ಮೂರನೆಯದು 5.1.1ಕ್ಕೆ, ನಾಲ್ಕನೆಯದು 6.1.6ಕ್ಕೆ, ಐದನೆಯದು 9.3.5ಕ್ಕೆ. ಆರನೆಯದು ಐಓಎಸ್ 12ರಲ್ಲಿ, ಏಳನೆಯದು ಐಓಎಸ್ 15ರಲ್ಲಿ ನಿಂತಿವೆ. ಬ್ರೌಸರಿನಲ್ಲಿ ಬಹಳಷ್ಟು ತಾಣಗಳು ತೆರೆಯದಿರುವುದಕ್ಕೂ ಇದೇ ಕಾರಣ: ತಾಣ ಅಸಲಿ ಎಂದು ಖಾತ್ರಿಪಡಿಸುವ ಹಳೆಯ ಮೂಲ ಪ್ರಮಾಣಪತ್ರವೊಂದರ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು, ಐಓಎಸ್ 10ಕ್ಕಿಂತ ಹಿಂದಿನ ಸಾಧನಗಳಲ್ಲಿ ಹೊಸದು ಇಲ್ಲ. ಇಂಥ ಸಾಧನದಲ್ಲಿ ಮೊದಲು ಸಾಯುವುದು ಇಂಟರ್‌ನೆಟ್ಟಿಗೆ ಅಂಟಿದ ಭಾಗ. ನಿಮ್ಮದೇ ಫೈಲುಗಳನ್ನು ನುಡಿಸುವ ಭಾಗಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಅದು ಬ್ಯಾಟರಿ ಇರುವವರೆಗೂ ನಡೆಯುತ್ತದೆ. ಹಾಡು, ಇಂಗ್ಲಿಷ್ ಪಾಠದ ಆಡಿಯೋ, ಇಳಿಸಿಕೊಂಡ ಉಪನ್ಯಾಸದ ವಿಡಿಯೋಗಳಿಗೆ ಬಳಸಿ. ಓದುವಾಗ ಮೆಸೇಜ್ ಬಾರದ ಸಾಧನ ಪಿಯುಸಿ ವರ್ಷದಲ್ಲಿ ದೊಡ್ಡ ಲಾಭ.

ಈಗ ಒಳಗಿರುವ ಆಪ್‌ಗಳನ್ನು ಅಳಿಸಬೇಡಿ, ‘ಇರೇಸ್ ಆಲ್ ಕಂಟೆಂಟ್’ ಕಡೆಗೆ ಹೋಗಲೇಬೇಡಿ. ಮತ್ತೆ ಇಳಿಸಲು ಆಗದೇ ಹೋಗಬಹುದು. ಮನೆಯ ವೈ-ಫೈ ಸಿಗದಿದ್ದರೆ ರೌಟರ್‌ನಲ್ಲಿ ಡಬ್ಲ್ಯುಪಿಎ2 ಎಂಬ ಭದ್ರತೆಯ ಆಯ್ಕೆ ಇರಲಿ. ಒಂದರಿಂದ ನಾಲ್ಕನೆಯವರೆಗಿನ ತಲೆಮಾರಿಗೆ 2.4 ಗಿಗಾಹರ್ಟ್ಸ್ ಕೂಡ ಆನ್ ಇರಬೇಕು, 5 ಗಿಗಾಹರ್ಟ್ಸ್ ಅವುಗಳ ಕಣ್ಣಿಗೇ ಬೀಳುವುದಿಲ್ಲ.

ಪ್ರಶ್ನೆ: ಚಾರ್ಜಿಗೆ ಹಾಕಿದಾಗ ಮಾತ್ರ ಪರದೆ ಹುಚ್ಚು ಹಿಡಿದಂತೆ ಆಡುತ್ತದೆ, ಮುಟ್ಟದಿದ್ದರೂ ಐಕಾನ್ ತೆರೆಯುತ್ತದೆ. ಹಿಂಬದಿಯ ಸ್ಟೀಲ್ ಮುಟ್ಟಿದರೆ ಜುಮ್ಮೆನ್ನುತ್ತದೆ.
— ರೈತರು, ಜಗಳೂರು ತಾಲ್ಲೂಕು

ಉತ್ತರ: ತಪ್ಪು ಪರದೆಯದಲ್ಲ, ಚಾರ್ಜರ್‌ನದು. ಗಾಜಿನಡಿಯಲ್ಲಿ ಪಾರದರ್ಶಕ ವಾಹಕದ ಅತಿ ತೆಳು ಜಾಲವಿದೆ. ಬೆರಳು ಹತ್ತಿರ ಬಂದಾಗ ಆ ಜಾಗದ ವಿದ್ಯುದಾವೇಶ ಒಂದಿಷ್ಟು ಬದಲಾಗುತ್ತದೆ, ಚಿಪ್ ಅದನ್ನು ಅಳೆದು ಬೆರಳು ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಒತ್ತುವ ಅಗತ್ಯವೇ ಇಲ್ಲದಿರುವುದು, ಎರಡು ಬೆರಳು ಒಟ್ಟಿಗೆ ಗೊತ್ತಾಗುವುದು ಇದರಿಂದಲೇ. 2006ರ ಕೊವಾನ್ ಡಿ2 ತರಹದ ಪ್ಲೇಯರ್‌ಗಳಲ್ಲಿ ಎರಡು ಪದರ ಒಂದಕ್ಕೊಂದು ತಾಗುವಂತೆ ಒತ್ತಬೇಕಿತ್ತು, ಅವಕ್ಕೆ ಉಗುರೂ ನಡೆಯುತ್ತಿತ್ತು, ಕಡ್ಡಿಯೂ ನಡೆಯುತ್ತಿತ್ತು.

ಅಗ್ಗದ ಚಾರ್ಜರ್‌ಗಳಲ್ಲಿ ಮೇನ್ಸ್ ಕಡೆಯ ಗದ್ದಲವನ್ನು ತಡೆಯುವ ಭಾಗಗಳನ್ನು ಬಿಟ್ಟಿರುತ್ತಾರೆ. ಆ ಏರಿಳಿತ ಐಪಾಡಿನ ಮೈಗೆಲ್ಲ ಬಂದು, ಬೆರಳು ತಂದ ಪುಟ್ಟ ಬದಲಾವಣೆಯನ್ನು ಮುಳುಗಿಸುತ್ತದೆ. ಚಿಪ್‌ಗೆ ಇಲ್ಲದ ಬೆರಳು ಕಾಣುತ್ತದೆ. ಜುಮ್ಮೆನ್ನುವುದು ಸೋರುವ ಕರೆಂಟ್. ಒಳ್ಳೆಯ ಎರಡು ಪಿನ್ನಿನ ಚಾರ್ಜರ್‌ನಲ್ಲೂ ಅದು ಅಲ್ಪಸ್ವಲ್ಪ ಇರುತ್ತದೆ, ಆದರೆ ಚುರುಕ್ಕೆನ್ನುವಷ್ಟಿದ್ದರೆ ಆ ಚಾರ್ಜರ್ ಅಪಾಯಕಾರಿ, ಇವತ್ತೇ ಎಸೆಯಿರಿ. ಪರೀಕ್ಷೆ ಸುಲಭ: ಪವರ್‌ಬ್ಯಾಂಕಿನಿಂದ ಚಾರ್ಜ್ ಮಾಡಿ ನೋಡಿ. ಪರದೆ ನೆಟ್ಟಗಾದರೆ ಚಾರ್ಜರ್ ಬದಲಾಯಿಸಿ. ಪವರ್‌ಬ್ಯಾಂಕಿನಲ್ಲೂ ಹಾಗೇ ಆಡಿದರೆ ಬೆರಳು ಗುರುತಿಸುವ ಡಿಜಿಟೈಜರ್ ಗಾಜು ಕೆಟ್ಟಿದೆ.

ನೀರು ಹಾಯಿಸಿ ಬಂದ ಒದ್ದೆ ಕೈಯಲ್ಲಿ ಪರದೆ ದಿಕ್ಕು ತಪ್ಪುವುದು ಸಹಜ, ನೀರೂ ವಾಹಕ. ಮಂಡಕ್ಕಿ ಮೆಣಸಿನಕಾಯಿ ತಿಂದ ಎಣ್ಣೆ ಕೈಯಾದರೆ ಗಾಜಿಗೆ ತೊಂದರೆಯಿಲ್ಲ, ಹೋಮ್ ಗುಂಡಿಯ ಸಂದಿಗೆ ಎಣ್ಣೆ ಇಳಿದರೆ ಗುಂಡಿ ಅಂಟತೊಡಗುತ್ತದೆ. ಒಣ ಮೆತ್ತನೆ ಬಟ್ಟೆಯಿಂದ ಒರೆಸಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಐಪಾಡ್ ಟಚ್ ಕೊಳ್ಳುವಾಗ ಏನು ನೋಡಬೇಕು?
— ಅಂಗಡಿ ಸಹಾಯಕರು, ಮಂಡಿಪೇಟೆ, ದಾವಣಗೆರೆ

ಉತ್ತರ: ಎಲ್ಲಕ್ಕಿಂತ ಮೊದಲು ಆ್ಯಕ್ಟಿವೇಶನ್ ಲಾಕ್. 2013ರ ಐಓಎಸ್ 7ರಿಂದ ಬಂದ ಈ ಬೀಗ ಹಳೆಯ ಮಾಲೀಕರ ಆಪಲ್ ಐಡಿಗೆ ಕಟ್ಟಿರುತ್ತದೆ. ರಿಸ್ಟೋರ್ ಮಾಡಿದರೂ ಹೋಗುವುದಿಲ್ಲ. ಮಾರುವವರೇ ನಿಮ್ಮ ಎದುರು ಸೆಟ್ಟಿಂಗ್ಸ್‌ನಲ್ಲಿ ತಮ್ಮ ಐಡಿಯಿಂದ ಸೈನ್‌ಔಟ್ ಆಗಲಿ. ಆಮೇಲೆ ಸಾಧನವನ್ನು ಅಳಿಸಿ, ಹೊಸದರಂತೆ ಶುರು ಮಾಡಿ, ಹೋಮ್ ಪರದೆವರೆಗೆ ಬಂದ ಮೇಲೆಯೇ ದುಡ್ಡು ಕೊಡಿ. ಪಾಸ್‌ವರ್ಡ್ ಆಮೇಲೆ ಕಳಿಸುತ್ತೇನೆ ಎಂದವರಿಂದ ಕೊಳ್ಳಬೇಡಿ. ನಾಲ್ಕನೆಯವರೆಗಿನ ತಲೆಮಾರಿನಲ್ಲಿ ಈ ಬೀಗವಿಲ್ಲ.

ಆಮೇಲೆ ಬೆನ್ನಿನ ಮಾಡೆಲ್ ಸಂಖ್ಯೆಯನ್ನೂ ಸೆಟ್ಟಿಂಗ್ಸ್, ಜನರಲ್, ಅಬೌಟ್‌ನಲ್ಲಿ ಕಾಣುವ ಜಿಬಿಯನ್ನೂ ತಾಳೆ ನೋಡಿ. ಒಂದು ಐಕಾನನ್ನು ಒತ್ತಿ ಹಿಡಿದು ಬೆರಳೆತ್ತದೆ ಪರದೆಯ ಮೂಲೆಮೂಲೆಗೂ ಎಳೆಯಿರಿ. ಎಲ್ಲಾದರೂ ಕೈತಪ್ಪಿದರೆ ಆ ಪಟ್ಟಿಯಲ್ಲಿ ಟಚ್ ಸತ್ತಿದೆ. ಇಯರ್‌ಫೋನ್ ಹಾಕಿ ಜ್ಯಾಕ್ ತಿರುಗಿಸುತ್ತಾ ಎರಡೂ ಕಿವಿಯಲ್ಲಿ ಕೇಳಿ. ಪೂರ್ತಿ ಚಾರ್ಜ್ ಇದ್ದಾಗ ಹತ್ತು ನಿಮಿಷ ವಿಡಿಯೋ ಓಡಿಸಿ. ಹೊಸದಾಗಿದ್ದಾಗ ನಾಲ್ಕನೆಯದು ಏಳು ಗಂಟೆ, ಐದನೆಯದರಿಂದ ಮುಂದಿನವು ಎಂಟು ಗಂಟೆ ವಿಡಿಯೋ ತೋರಿಸುತ್ತಿದ್ದವು. ಹತ್ತು ನಿಮಿಷಕ್ಕೇ ಹತ್ತು ಶೇಕಡಾ ಇಳಿದರೆ ಬ್ಯಾಟರಿ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ಹಾಡಿಗಷ್ಟೇ ಆದರೆ ಐದನೆಯದು ಸಾಕು. ಆಪ್‌ಗಳೂ ಬೇಕೆಂದರೆ ಏಳನೆಯದಕ್ಕಿಂತ ಕೆಳಗಿನದಕ್ಕೆ ದುಡ್ಡು ಹಾಕಬೇಡಿ. ಹಳೆಯ ಸ್ಪೀಕರ್ ಡಾಕ್ (ಐಪಾಡ್ ಕೂರಿಸಿ ಹಾಡಿಸುವ ಪೀಠ) ಜೊತೆಗೆ ಕೊಡುತ್ತೇನೆ ಎಂದರೆ ಒಂದು ಎಚ್ಚರ: ಮೊದಲ ಕಾಲದ ಕೆಲವು ಡಾಕ್‌ಗಳು ಫೈರ್‌ವೈರ್ ಪಿನ್ನಿನಿಂದ 12 ವೋಲ್ಟ್ ಕೊಡುತ್ತಿದ್ದವು. ಎರಡನೆಯ ತಲೆಮಾರಿನಿಂದ ಆಪಲ್ ಅದನ್ನು ಕೈಬಿಟ್ಟಿತು. ಅಂಥ ಡಾಕ್ ಹಾಡುತ್ತದೆ, ಚಾರ್ಜ್ ಮಾಡುವುದಿಲ್ಲ.

ಪ್ರಶ್ನೆ: ಫೋನ್ ಬಿಟ್ಟು ಹಾಡಿಗೆಂದೇ ಹೊಸ ಟಚ್ ಪ್ಲೇಯರ್ ಈಗಲೂ ಸಿಗುತ್ತದೆಯೇ?
— ಓದುಗರು, ಹಿರಿಯೂರು

ಉತ್ತರ: ಸಿಗುತ್ತದೆ. ಸೋನಿಯ ವಾಕ್‌ಮನ್ ಸಾಲಿನ ಆಂಡ್ರಾಯ್ಡ್ ಪ್ಲೇಯರ್‌ಗಳು, ಫಿಯೋ, ಹೈಬೈ ಕಂಪನಿಯವು ಇವೆ. ಐಪಾಡ್ ಟಚ್‌ಗೆ ಎಂದೂ ಇಲ್ಲದಿದ್ದ ಮೈಕ್ರೋ ಎಸ್‌ಡಿ ಕಾರ್ಡಿನ ಜಾಗ ಇವುಗಳಲ್ಲಿ ಇರುವುದು ದೊಡ್ಡ ಅನುಕೂಲ. ಐಟ್ಯೂನ್ಸ್ ಬೇಡ, ಕಾರ್ಡಿಗೆ ನಕಲಿಸಿದರೆ ಮುಗಿಯಿತು, ಫ್ಲ್ಯಾಕ್ ಕೂಡ ನೇರ ನಡೆಯುತ್ತದೆ. ಆದರೆ ಮೂರು ನಾಲ್ಕು ಸಾವಿರದ ಇಯರ್‌ಫೋನ್ ಇಲ್ಲದೆ ಬರೀ ಪ್ಲೇಯರ್‌ಗೆ ಹಣ ಸುರಿದರೆ ವ್ಯತ್ಯಾಸ ಕೇಳುವುದಿಲ್ಲ. ಮೊದಲು ಕಿವಿಗೆ ಖರ್ಚು ಮಾಡಿ. ಎಫ್‌ಎಂ ಬೇಕಿದ್ದರೆ ಕೊಳ್ಳುವ ಮುಂಚೆ ಕೇಳಿ, ಬಹಳಷ್ಟರಲ್ಲಿ ಇರುವುದಿಲ್ಲ. ಐಪಾಡ್ ಟಚ್‌ನ ಏಳು ತಲೆಮಾರಿನಲ್ಲೂ ರೇಡಿಯೋ ಇರಲಿಲ್ಲ.

ಪ್ರಶ್ನೆ: ಒಂದೇ ಕಿವಿಯಲ್ಲಿ ಹಾಡು ಕೇಳುತ್ತದೆ.
— ಓದುಗರು, ಹೊಳಲ್ಕೆರೆ

ಉತ್ತರ: ಬೇರೆ ಇಯರ್‌ಫೋನ್ ಹಾಕಿ ನೋಡಿ. ಅದರಲ್ಲೂ ಹಾಗೇ ಇದ್ದರೆ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಎಡ-ಬಲ ಬ್ಯಾಲೆನ್ಸ್ ಪಟ್ಟಿ ಒಂದು ಕಡೆಗೆ ಸರಿದಿದೆಯೇ ಪರೀಕ್ಷಿಸಿ (ತೀರಾ ಹಳೆಯ ಆವೃತ್ತಿಗಳಲ್ಲಿ ಈ ಪಟ್ಟಿ ಇರುವುದಿಲ್ಲ). ಅದು ನಡುವೆಯೇ ಇದ್ದರೆ ಕಿಂಡಿಯ ತಳದಲ್ಲಿ ನೂಲು ಸೇರಿ ಜ್ಯಾಕ್ ಪೂರ್ತಿ ಒಳಗೆ ಹೋಗುತ್ತಿಲ್ಲ. ಸಾಧನ ಆರಿಸಿ, ಮರದ ಹಲ್ಲುಕಡ್ಡಿಯಿಂದ ನೂಲನ್ನು ಮೇಲಕ್ಕೆ ಎಬ್ಬಿಸಿ ತೆಗೆಯಿರಿ, ಒಳಕ್ಕೆ ತಳ್ಳಬೇಡಿ. ಬಾಯಿಂದ ಊದಿದರೆ ತೇವ ಹೋಗಿ ಸಂಪರ್ಕದ ಎಲೆಗಳಿಗೆ ಕಿಲುಬು ಹಿಡಿಯುತ್ತದೆ. ಶುಚಿ ಮಾಡಿದ ಮೇಲೂ ಜ್ಯಾಕ್ ಅಲ್ಲಾಡಿಸಿದಾಗ ಮಾತ್ರ ಹಾಡು ಬರುತ್ತಿದ್ದರೆ ಒಳಗಿನ ಎಲೆ ಸಡಿಲವಾಗಿದೆ, ಜ್ಯಾಕ್ ಬದಲಾಯಿಸಬೇಕು. ಎರಡನೆಯ ತಲೆಮಾರಿನಿಂದೀಚಿನದಾದರೆ ಅಲ್ಲಿಯವರೆಗೆ ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳಬಹುದು.